ದೊಡ್ಡ ಹೆಸರು ಯಾರಿಗೆ ಬೇಕು?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಕೂಡಲೇ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಏನನ್ನು ಓದುವುದು? ಎಲ್ಲಿ ಓದುವುದು? ಎರಡಕ್ಕೂ ಒಂದೇ ಕಡೆ ಉತ್ತರ ಸಿಕ್ಕಿದವರು ಅದೃಷ್ಟವಂತರು. ಉಳಿದವರ ಕಷ್ಟ ಸಿಇಟಿಯ ಆಪ್ಷನ್ ಎಂಟ್ರಿಗೆ ಕುಳಿತವರಿಗೆ ಗೊತ್ತು. ಬಯಸಿದ ವಿಷಯ ಸಣ್ಣ ಕಾಲೇಜಿನಲ್ಲಿ ಸಿಗುತ್ತದೆ. ದೊಡ್ಡ ಕಾಲೇಜಿನಲ್ಲಿ ಸಿಗುವುದು ಮನಸ್ಸಿಲ್ಲದ ವಿಷಯ. ಪಟ್ಟಿಯಲ್ಲಿ ಯಾವುದನ್ನು ಮೊದಲು ಹಾಕಬೇಕು?

'ಹೆಸರಿನಲ್ಲೇನಿದೆ, ಓದುವವರು ಎಲ್ಲಿದ್ದರೂ ಓದುತ್ತಾರೆ' ಎಂಬ ಮಾತು ಹಿರಿಯರ ಬಾಯಲ್ಲಿ ಸದಾ ಸಿದ್ಧವಾಗಿರುತ್ತದೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ಅಲ್ಲಿ ಓದಿದವರ ಪದವಿ ಪತ್ರದಲ್ಲಿ ಒಂದು ಕಾಲಕ್ಕೆ ಮದರಾಸು ವಿಶ್ವವಿದ್ಯಾನಿಲಯದ ಹೆಸರಿತ್ತು, ಆಮೇಲೆ ಮೈಸೂರಿನದು, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಬಳಿಕ ಮಂಗಳೂರಿನದು. 2024ರಲ್ಲಿ ಆ ಕಾಲೇಜೇ ಡೀಮ್ಡ್ ವಿಶ್ವವಿದ್ಯಾನಿಲಯವಾಯಿತು. ಪತ್ರದ ಮೇಲಿನ ಹೆಸರು ಬದಲಾದ ಮಾತ್ರಕ್ಕೆ ಅಧ್ಯಾಪಕರು ರಾತ್ರೋರಾತ್ರಿ ಹೆಚ್ಚು ಜ್ಞಾನಿಗಳಾಗುವುದಿಲ್ಲ, ದಡ್ಡರೂ ಆಗುವುದಿಲ್ಲ. ಪಾಠ ನಡೆಯುವುದು ತರಗತಿಯಲ್ಲಿ, ಮೊಹರಿನಲ್ಲಲ್ಲ.

ಆದರೆ ಇದು ಅರ್ಧ ಸತ್ಯ. ಅಮೆರಿಕದ ಸ್ಟೇಸಿ ಡೇಲ್ ಮತ್ತು ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1976ರಲ್ಲಿ ಕಾಲೇಜು ಸೇರಿದವರಲ್ಲಿ, ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕಿದ್ದರೂ ಬೇರೆ ಬೇರೆ ಕಡೆ ಓದಿದವರನ್ನು ಅವರು ಹೋಲಿಸಿ ನೋಡಿದರು. ಹೆಚ್ಚು ಪ್ರತಿಷ್ಠಿತ ಕಾಲೇಜಿಗೆ ಹೋದವರ ಸಂಪಾದನೆ ಒಟ್ಟಿನಲ್ಲಿ ಹೆಚ್ಚೇನೂ ಇರಲಿಲ್ಲ. ಆದರೆ ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ಅಂಥ ಕಾಲೇಜಿನಿಂದ ಲಾಭವಾಗಿತ್ತು.

ಅಮೆರಿಕ ನಮ್ಮೂರಲ್ಲ, ನಿಜ. ಆದರೂ ಇದಕ್ಕೆ ಕಾರಣ ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. ವಕೀಲರ ಮಗನಿಗೆ ವಕೀಲರ ಪರಿಚಯವಿದೆ. ವ್ಯಾಪಾರಿಯ ಮಗನಿಗೆ ಅಂಗಡಿ ಕಾದಿದೆ. ಬೀಡಿ ಕಟ್ಟುವ ತಾಯಿಯ ಮಗಳಿಗೆ, ಮೀನು ಮಾರುವವರ ಮಗನಿಗೆ ಶಿಫಾರಸು ಮಾಡುವವರು ಯಾರು? ಸಂಸ್ಥೆಯ ಹೆಸರೇ ಅವರ ಪರಿಚಯ ಪತ್ರ. ಹೆಸರು ಮುಖ್ಯವಲ್ಲ ಎಂದು ಹೇಳುವುದು ಹೆಸರಿನ ಅಗತ್ಯವಿಲ್ಲದವರಿಗೆ ಸುಲಭ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಮಗನಿಗಾಗಿ ಸಾಲ ಮಾಡಿ ಬೆಂಗಳೂರಿನ ಹೆಸರಾಂತ ಕಾಲೇಜು ಹುಡುಕುವ ಮನೆಯಲ್ಲೇ, ಮಗಳ ಸರದಿ ಬಂದಾಗ 'ಎಲ್ಲಿ ಓದಿದರೇನು, ಹತ್ತಿರದ ಕಾಲೇಜೇ ಸಾಕು' ಎನ್ನುವುದುಂಟು. ಇದು ವೈರಾಗ್ಯವಲ್ಲ, ತಾರತಮ್ಯ. ಪ್ರತಿಷ್ಠೆ ಪೊಳ್ಳೆಂದು ನಂಬಿದವರು ಆ ಮಾತನ್ನು ಮಗನಿಗೂ ಹೇಳಬೇಕು.

ಹಾಗೆಂದು ಹೆಸರಿಗಾಗಿ ಒಲ್ಲದ ವಿಷಯಕ್ಕೆ ತಲೆಕೊಡಬೇಕೇ? ಬೇಡ. ಪರಿಚಯ ಪತ್ರ ಬಾಗಿಲು ತೆರೆಸುತ್ತದೆ, ಒಳಗೆ ನಿಂತು ಕೆಲಸ ಮಾಡಬೇಕಾದವರು ನಾವೇ. ಆಸಕ್ತಿಯಿಲ್ಲದ ವಿಷಯದಲ್ಲಿ ಮೂರು ನಾಲ್ಕು ವರ್ಷ ಕಳೆದು ಅರ್ಧದಲ್ಲಿ ಬಿಟ್ಟರೆ, ಉಳ್ಳವರು ಇನ್ನೊಂದು ದಾರಿ ಹಿಡಿಯುತ್ತಾರೆ. ಇಲ್ಲದವರ ಪಾಲಿಗೆ ಉಳಿಯುವುದು ಶಿಕ್ಷಣ ಸಾಲ ಮಾತ್ರ. ಆದ್ದರಿಂದ ಮೊದಲು ತನಗೆ ಒಗ್ಗುವ ವಿಷಯಗಳನ್ನು ಗುರುತಿಸಬೇಕು. ಆ ವಿಷಯವನ್ನು ಎಲ್ಲಿ ಚೆನ್ನಾಗಿ ಕಲಿಸುತ್ತಾರೆ, ಅಧ್ಯಾಪಕರಿದ್ದಾರೆಯೇ, ಪ್ರಯೋಗಾಲಯವಿದೆಯೇ ಎಂದು ಅಲ್ಲಿಯೇ ಓದುತ್ತಿರುವವರನ್ನು ಕೇಳಬೇಕು. ಹೆಸರಿನ ಲೆಕ್ಕ ಆಮೇಲಿನದು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತುವವರು ಆ ಲೆಕ್ಕಕ್ಕೆ ತುಸು ಹೆಚ್ಚು ತೂಕ ಕೊಟ್ಟರೆ ಅದನ್ನು ಒಣಜಂಭ ಎನ್ನಬಾರದು.

ವಿದ್ಯಾರ್ಥಿವೇತನ ಹಂಚುವ ನಮ್ಮ ಸಂಘ ಸಂಸ್ಥೆಗಳೂ ಇದನ್ನು ಯೋಚಿಸಬೇಕು. ನೂರು ಮಂದಿಗೆ ಪುಸ್ತಕದ ಹಣ ಕೊಡುವುದು ಒಳ್ಳೆಯದೇ. ಅದರ ಜೊತೆಗೆ, ಒಳ್ಳೆಯ ಸಂಸ್ಥೆಯಲ್ಲಿ ಇಷ್ಟದ ವಿಷಯಕ್ಕೇ ಸೀಟು ಸಿಕ್ಕಿಯೂ ಹಾಸ್ಟೆಲ್ ಶುಲ್ಕಕ್ಕೆ ಹೆದರಿ ಹಿಂದೆ ಸರಿಯುವ ಒಬ್ಬ ಹುಡುಗಿಯ ಪೂರ್ತಿ ಹೊಣೆ ಹೊತ್ತರೆ, ಅವಳ ಹಿಂದೆ ಬರುವವರಿಗೆ ಒಂದು ಪರಿಚಯ ಸಿದ್ಧವಾಗುತ್ತದೆ.