ನೀರು ಕಾಣದ ಗಾಳ

ಮನುಷ್ಯ ಕೂಡಿಡದ ವಸ್ತುವಿಲ್ಲ. ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ನಶ್ಯದ ಡಬ್ಬಿ, ಅಡಕತ್ತರಿ — ಇವುಗಳಲ್ಲಿ ಒಂದಲ್ಲ ಒಂದನ್ನು ಕೂಡಿಸುವ ಗೀಳು ಹತ್ತಿದವರು ನಮ್ಮ ನಿಮ್ಮ ಪರಿಚಯದವರಲ್ಲೇ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರನ್ನು ಕಂಡು ನಗುವುದು ಸುಲಭ. ಆದರೆ ನಗುವವನ ಮನೆಯ ಅಟ್ಟವನ್ನು ಹತ್ತಿ ನೋಡಿದರೆ ಅವನೂ ಸಂಗ್ರಾಹಕನೇ ಎಂಬುದು ಗೊತ್ತಾಗುತ್ತದೆ. ನಾನು ಈಗ ಹೇಳಹೊರಟಿರುವುದು ಇವೆಲ್ಲಕ್ಕಿಂತ ವಿಚಿತ್ರವಾದ ಒಂದು ಸಂಗ್ರಹದ ವಿಚಾರ. ಮೀನು ಹಿಡಿಯಲು ಹಿಂದಿನವರು ಮಾಡಿಟ್ಟ ಹುಸಿ ಎರೆಗಳನ್ನು ಹುಡುಕಿ, ಕೊಂಡು, ಗಾಜಿನ ಬೀರುವಿನಲ್ಲಿ ಜೋಡಿಸಿಡುವವರು ಅಮೆರಿಕದಲ್ಲಿ ಬಹುಮಂದಿ ಇದ್ದಾರೆ. 1976ರಲ್ಲಿ ಅವರದೇ ಒಂದು ರಾಷ್ಟ್ರೀಯ ಸಂಘವೂ ಸ್ಥಾಪನೆಯಾಯಿತು. ಅವರ ಹವ್ಯಾಸವನ್ನು ಕುರಿತು ಓದುತ್ತ ಹೋದಂತೆ ನನಗೊಂದು ಪ್ರಶ್ನೆ ಗಂಟುಬಿತ್ತು: ಒಂದು ವಸ್ತುವನ್ನು ಅದರ ಕೆಲಸದಿಂದ ಬಿಡಿಸಿ ಪ್ರೀತಿಸುವುದು ಸರಿಯೆ?

ಹುಸಿ ಎರೆ ಎಂಬ ಮಾತು ನಾನು ಮಾಡಿಕೊಂಡದ್ದು. ಇಂಗ್ಲಿಷಿನವರು ಅದನ್ನು ಲ್ಯೂರ್ ಎನ್ನುತ್ತಾರೆ. ನಮ್ಮ ಕೆರೆಯ ದಡದಲ್ಲಿ ಗಾಳ ಹಾಕಿ ಕುಳಿತವನು ಕೊಕ್ಕೆಗೆ ಎರೆಹುಳುವನ್ನು ಸಿಕ್ಕಿಸುತ್ತಾನೆ. ಕಾವೇರಿಯಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುವವರು ರಾಗಿಹಿಟ್ಟನ್ನು ಬೇಯಿಸಿ ಉಂಡೆ ಕಟ್ಟುವುದುಂಟು. ಇದರಲ್ಲಿ ಮೋಸವಿದೆ, ನಿಜ. ಆದರೆ ಪೂರ್ತಿ ಸುಳ್ಳಿಲ್ಲ. ಹುಳು ಹುಳುವೇ, ರಾಗಿ ರಾಗಿಯೇ. ಅದೃಷ್ಟವಿದ್ದ ಮೀನು ಉಂಡೆಯನ್ನು ಕಚ್ಚಿ ತಿಂದು ಕೊಕ್ಕೆಯನ್ನು ಬಿಟ್ಟು ಹೋಗುತ್ತದೆ. ಹುಸಿ ಎರೆಯಲ್ಲಿ ಆ ಅಲ್ಪ ಪ್ರಾಮಾಣಿಕತೆಯೂ ಇಲ್ಲ. ಮರವನ್ನೋ ಲೋಹವನ್ನೋ ಮೀನಿನಂತೆ, ಕಪ್ಪೆಯಂತೆ, ಇಲಿಯಂತೆ ರೂಪಿಸಿ, ಮೇಲೆ ಬಣ್ಣ ಬಳಿದು, ಗಾಜಿನ ಕಣ್ಣು ಕೂರಿಸಿ, ಹೊಟ್ಟೆಯ ಕೆಳಗೆ ಮೂರು ಮೊನೆಯ ಕೊಕ್ಕೆ ತೂಗಹಾಕಿದರೆ ಅದು ಸಿದ್ಧವಾಯಿತು. ಅದನ್ನು ನಂಬಿದ ಮೀನಿಗೆ ದಕ್ಕುವುದು ಕಬ್ಬಿಣ ಮಾತ್ರ. ಆದರೆ ರಾಗಿಯ ಉಂಡೆ ನೀರಿನಲ್ಲಿ ಕರಗಿಹೋಗುತ್ತದೆ, ಈ ಸುಳ್ಳು ಕರಗುವುದಿಲ್ಲ. ಸಂಗ್ರಾಹಕನ ಪಾಲಿಗೆ ಉಳಿಯುವುದು ಇದೇ.

ಇವುಗಳ ಹುಟ್ಟಿನ ಕಥೆಗಳು ಸೊಗಸಾಗಿವೆ. ವರ್ಮಾಂಟ್ ಪ್ರಾಂತದ ಜೂಲಿಯೊ ಬ್ಯೂಯೆಲ್ ಎಂಬಾತನ ಕೈಯಿಂದ ಚಮಚವೊಂದು ಜಾರಿ ಸರೋವರಕ್ಕೆ ಬಿತ್ತಂತೆ. ಹೊಳೆಯುತ್ತ ಹೊರಳುತ್ತ ಮುಳುಗುತ್ತಿದ್ದ ಆ ಚಮಚವನ್ನು ಮೀನೊಂದು ಹಿಡಿಯಹೋಯಿತಂತೆ. ಚಮಚದ ಹಿಡಿಯನ್ನು ತೆಗೆದು ಕೊಕ್ಕೆ ಬೆಸೆದರೆ ಎರೆಯಾಗುತ್ತದೆಂದು ಅವನಿಗೆ ಹೊಳೆಯಿತು; 1852ರಲ್ಲಿ ಪೇಟೆಂಟೂ ದೊರೆಯಿತು. ಮಿಷಿಗನ್ ಪ್ರಾಂತದ ಡೊವಾಜಿಯಾಕ್ ಎಂಬ ಊರಿನ ಜೇಮ್ಸ್ ಹೆಡನ್ ಜೇನು ಸಾಕಣೆಯಲ್ಲಿ ಹೆಸರಾಗಿದ್ದವನು. 1898ರಲ್ಲಿ ಒಂದು ದಿನ, ಗಿರಣಿಯ ಕೊಳದ ಬಳಿ ಸ್ನೇಹಿತನ ದಾರಿ ಕಾಯುತ್ತ, ಹೊತ್ತು ಹೋಗದೆ ಕಡ್ಡಿಯೊಂದನ್ನು ಚಾಕುವಿನಿಂದ ಕೆತ್ತುತ್ತ ಕುಳಿತಿದ್ದನಂತೆ. ಆ ತುಂಡನ್ನು ನೀರಿಗೆ ಎಸೆದಾಗ ಬ್ಯಾಸ್ ಜಾತಿಯ ಮೀನೊಂದು ಚಿಮ್ಮಿ ಅದನ್ನು ಮೇಲಕ್ಕೆ ಹಾರಿಸಿತು. ಅಲ್ಲಿಂದ ಮುಂದೆ ಅವನು ಮರದ ಕಪ್ಪೆಗಳನ್ನು ಕೆತ್ತಿ ಸ್ನೇಹಿತರಿಗೆ ಹಂಚಿದ; ಕೆಲವೇ ವರ್ಷಗಳಲ್ಲಿ ಕಾರ್ಖಾನೆಯೇ ಎದ್ದಿತು. ಅವನೇ ಕೆತ್ತಿದ ಕಪ್ಪೆಗಳಲ್ಲಿ ಉಳಿದಿರುವುವು ಬೆರಳಲ್ಲಿ ಎಣಿಸುವಷ್ಟು. ಅವುಗಳಲ್ಲಿ ಒಂದು ಕೈಗೆ ಬಂದರೆ ಸಂಗ್ರಾಹಕನಿಗೆ ಜನ್ಮ ಸಾರ್ಥಕ.

ಫಿನ್ಲೆಂಡಿನ ಲೌರಿ ರಾಪಲನ ಕಥೆ ಇನ್ನೂ ಅರ್ಥಪೂರ್ಣವಾಗಿದೆ. ಮೀನು ಹಿಡಿದು ಹೊಟ್ಟೆ ಹೊರೆಯುತ್ತಿದ್ದ ಈ ಬಡವ ಸರೋವರದಲ್ಲಿ ಒಂದು ಸಂಗತಿಯನ್ನು ಗಮನಿಸಿದ. ಸಣ್ಣ ಮೀನುಗಳ ಹಿಂಡಿಗೆ ನುಗ್ಗುವ ದೊಡ್ಡ ಮೀನು, ಗಾಯಗೊಂಡು ಓರೆಯಾಗಿ ತೊನೆಯುತ್ತ ಈಜುವ ಒಂದನ್ನೇ ಆರಿಸಿಕೊಳ್ಳುತ್ತದೆ. 1936ರಲ್ಲಿ ಅವನು ಬೆಂಡನ್ನು ಕೆತ್ತಿ, ಚಾಕೊಲೇಟಿಗೆ ಸುತ್ತಿದ ತಗಡಿನ ಹಾಳೆಯನ್ನು ಅದಕ್ಕೆ ಹೊದಿಸಿ, ಫೋಟೋ ನೆಗೆಟಿವುಗಳನ್ನು ಕರಗಿಸಿ ಮೇಲೆ ಲೇಪಿಸಿದ. ಆ ಬೆಂಡಿನ ಮೀನು ನೀರಿನಲ್ಲಿ ಗಾಯಗೊಂಡ ಮೀನಿನಂತೆಯೇ ತೊನೆಯಿತು. ಹುಸಿ ಎರೆಯ ಗುಟ್ಟೆಲ್ಲ ಇಲ್ಲಿದೆ: ಅದು ನಟಿಸುವುದು ಒಂದು ಜೀವದ ಸಂಕಟವನ್ನು. ನಾವು ಬೀರುವಿನ ಮುಂದೆ ನಿಂತು ‘ಎಷ್ಟು ಮುದ್ದಾಗಿದೆ’ ಎನ್ನುವ ವಸ್ತುವಿನ ಹುಟ್ಟು ಇಂಥದು.

ನನ್ನ ಪ್ರಶ್ನೆ ಬಿಗಿಯಾಗುವುದು ಈ ವಸ್ತುಗಳು ಹರಾಜಿಗೆ ಬಂದಾಗ. ಅಲ್ಲಿಯ ನ್ಯಾಯವೇ ಬೇರೆ. ಬಣ್ಣ ಸ್ವಲ್ಪವೂ ಚಕ್ಕೆಯೇಳದ, ಗಾಜಿನ ಕಣ್ಣು ಬಿರುಕು ಬಿಡದ, ಕೊಕ್ಕೆ ತುಕ್ಕು ಹಿಡಿಯದ ಎರೆಗೆ ಹೆಚ್ಚು ಬೆಲೆ. ಅಂಗಡಿಯಿಂದ ಬಂದ ಮರದ ಅಥವಾ ರಟ್ಟಿನ ಪೆಟ್ಟಿಗೆ ಜೊತೆಗಿದ್ದರೆ ಇನ್ನೂ ಹೆಚ್ಚು. ಮೈಮೇಲೆ ಮೀನಿನ ಹಲ್ಲಿನ ಗುರುತಿದ್ದರೆ ಅದು ಕಲೆ, ಊನ, ಬೆಲೆ ಇಳಿಯಿತು. ಒಹಾಯೊ ಪ್ರಾಂತದ ರೈಲಿ ಹ್ಯಾಸ್ಕೆಲ್ 1859ರಲ್ಲಿ ಪೇಟೆಂಟು ಪಡೆದ ತಾಮ್ರದ ಮೀನುಗಳಲ್ಲಿ ದೊಡ್ಡ ಗಾತ್ರದ್ದೊಂದು 2003ರ ಹರಾಜಿನಲ್ಲಿ ಒಂದು ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಹೋಯಿತು. ಅಪೂರ್ವ ವಸ್ತುವಿಗೆ ಬೆಲೆ ಬರುವುದು ಸಹಜ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವನ್ನು ಮಾಡಿದ್ದೇ ಒಂದು ವಸ್ತುವಿನ ದೋಷವಾಗುವುದು, ಏನೂ ಮಾಡದೆ ಉಳಿದದ್ದೇ ಅದರ ಹೆಚ್ಚಳವಾಗುವುದು ಯೋಚಿಸಬೇಕಾದ ಮಾತು.

ಇದು ಅಮೆರಿಕದವರ ಹುಚ್ಚೆಂದು ನಾವು ಬದಿಗೆ ಸರಿಸುವಂತಿಲ್ಲ. ನಮ್ಮ ಮನೆಗಳಲ್ಲಿ ಮದುವೆಯ ಧರ್ಮಾವರದ ಸೀರೆ ಪೆಟ್ಟಿಗೆಯ ತಳದಲ್ಲಿ ಮಡಿಕೆ ಮಡಿಕೆಗೂ ಸೀಳುವವರೆಗೆ ಮಲಗಿರುತ್ತದೆ. ಬೆಳ್ಳಿಯ ತಟ್ಟೆಯಲ್ಲಿ ಉಂಡವರಿಲ್ಲ. ಷೋಕೇಸಿನ ಪಿಂಗಾಣಿ ಬಟ್ಟಲಿಗೆ ಕಾಫಿಯ ವಾಸನೆ ಗೊತ್ತಿಲ್ಲ. ‘ಕೆಟ್ಟುಹೋದೀತು’ ಎಂದು ನಾವು ಎತ್ತಿಟ್ಟ ವಸ್ತು ಎತ್ತಿಟ್ಟಲ್ಲಿಯೇ ಕೆಡುತ್ತದೆ.

ನನ್ನ ಮಿತ್ರರೊಬ್ಬರ ಮುಂದೆ ಈ ವಿಚಾರವನ್ನು ಎತ್ತಿದೆ. ಅವರು ಹುಟ್ಟಾ ಸಸ್ಯಾಹಾರಿಗಳು, ಸೂಕ್ಷ್ಮಬುದ್ಧಿಯವರು. ಎಲ್ಲವನ್ನೂ ಕೇಳಿ ತಲೆಯಾಡಿಸಿದರು. “ನೀವು ಮೀನಿನ ಕಡೆಯಿಂದ ಯೋಚಿಸಲೇ ಇಲ್ಲ, ಸ್ವಾಮಿ! ನೀರು ಕಾಣದ ಗಾಳ ಒಂದು ಪ್ರಾಣಿಯನ್ನೂ ನೋಯಿಸಿಲ್ಲ. ಒರೆಯಿಂದ ಹೊರಗೆ ಬಾರದ ಕತ್ತಿಗೆ ಹೆಚ್ಚು ಬೆಲೆ ಕಟ್ಟುವ ಜನ ಇದ್ದರೆ ಲೋಕಕ್ಕೆ ಒಳ್ಳೆಯದೇ ತಾನೆ? ಪೆಟ್ಟಿಗೆಯಲ್ಲೇ ಇರಲಿ ಬಿಡಿ, ಅದು” ಎಂದರು.

ಮಾತು ಚೆನ್ನಾಗಿತ್ತು. ಆ ಸಂಜೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಮನಸ್ಸಿಗೆ ಬಂದದ್ದು ಇದು. ದೋಷವಿಲ್ಲದಿರುವುದು ಬೇರೆ, ಗುಣವಿರುವುದು ಬೇರೆ. ಯಾವ ಅರ್ಜಿಯೂ ಬಾರದ ಮೂಲೆಯ ಮೇಜಿನಲ್ಲಿ ಮೂವತ್ತು ವರ್ಷ ಕುಳಿತು ನಿವೃತ್ತನಾದ ಗುಮಾಸ್ತ ‘ನಾನು ಒಂದು ಕಾಸು ಲಂಚ ಮುಟ್ಟಿದವನಲ್ಲ’ ಎಂದರೆ ಅವನ ಮಾತು ಸುಳ್ಳಲ್ಲ. ಅವನ ಕೈ ಶುದ್ಧವಾಗಿದೆ; ಆದರೆ ಆ ಶುದ್ಧಿ ಅವನದಲ್ಲ, ಮೂಲೆಯ ಮೇಜಿನದು. ಪೆಟ್ಟಿಗೆಯಲ್ಲಿ ಉಳಿದ ಗಾಳದ ಅಹಿಂಸೆಯೂ ಅಷ್ಟೆ. ಅಂಗಡಿಯವನಿಗೆ ಅಂದು ಗಿರಾಕಿ ಬರಲಿಲ್ಲ. ಕೊಂಡವನು ಮರೆತು ಅಟ್ಟದಲ್ಲಿಟ್ಟ. ಇಷ್ಟು ಆಕಸ್ಮಿಕಕ್ಕೆ ನಾವು ವ್ರತದ ಗೌರವ ಕೊಡಬೇಕಾಗಿಲ್ಲ. ವರ್ಷಗಟ್ಟಲೆ ಮೀನು ಹಿಡಿದವನು ಒಂದು ದಿನ ‘ಇನ್ನು ಸಾಕು’ ಎಂದು ಗಾಳವನ್ನು ಗೋಡೆಗೆ ತೂಗಹಾಕಿದರೆ ಅದರಲ್ಲಿ ಒಂದು ತ್ಯಾಗವಿದೆ. ಆ ಗಾಳದ ಮೈಮೇಲೆ ಹಲ್ಲಿನ ಗುರುತು ಇದ್ದೇ ಇರುತ್ತದೆ. ಅಹಿಂಸೆ ಮನುಷ್ಯನ ಗುಣ, ಮರದ ತುಂಡಿನದಲ್ಲ.

ಇನ್ನು ಗುರುತು ಬಿದ್ದ ಗಾಳದ ಪಕ್ಷವಾಗಿ ಒಂದು ಮಾತು. 1932ನೆಯ ಜೂನ್ 2ರಂದು ಜಾರ್ಜಿಯ ಪ್ರಾಂತದ ಮಾಂಟ್‌ಗೊಮರಿ ಸರೋವರದಲ್ಲಿ ಜಾರ್ಜ್ ಪೆರಿ ಎಂಬ ರೈತ ಯುವಕ 22 ಪೌಂಡು 4 ಔನ್ಸು ತೂಗುವ ಬ್ಯಾಸ್ ಮೀನನ್ನು ಹಿಡಿದ. ಕ್ರೀಕ್ ಚಬ್ ಎಂಬ ಕಂಪನಿಯ ಹುಸಿ ಎರೆಗೆ ಸಿಕ್ಕ ಮೀನದು. ಆ ದಾಖಲೆಯನ್ನು ಮುಂದೆ ಎಪ್ಪತ್ತೇಳು ವರ್ಷ ಯಾರೂ ಮುಟ್ಟಲಿಲ್ಲ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಸಿಕ್ಕ ಒಂದು ಮೀನು ಅದನ್ನು ಸರಿಗಟ್ಟಿತು. ಪೆರಿ ಆ ಮೀನನ್ನು ಏನು ಮಾಡಿದ? ತೂಕ ಮಾಡಿಸಿ ಮನೆಗೆ ಒಯ್ದ, ಮನೆಯವರೆಲ್ಲ ತಿಂದರು. ಕೆಲಸವಿಲ್ಲದೆ ಜನ ಕಂಗಾಲಾಗಿದ್ದ ಕಾಲವದು. ಲೋಕದ ದಾಖಲೆ ಒಂದು ಬಡ ಕುಟುಂಬದ ಊಟವಾಯಿತು. ಸಸ್ಯಾಹಾರಿಯಾದ ನನಗೂ ಈ ಕಥೆಯಲ್ಲಿ ಅಸಹ್ಯವೆನಿಸುವುದಿಲ್ಲ. ದಡದ ಈಚೆಗೂ ಹಸಿವಿತ್ತು, ಆಚೆಗೂ ಹಸಿವಿತ್ತು. ಗಾಳ ಎರಡರ ನಡುವೆ ನಿಂತಿತ್ತು. ಅದು ಮಾಡಿದ ಕೆಲಸ ಕ್ರೂರವಾದದ್ದು. ಆದರೆ ಬದುಕಿಗೆ ಬೇಕಾಗಿತ್ತು. ಅದನ್ನು ಮುಚ್ಚಿಡಲು ಯಾರೂ ಹೋಗಲಿಲ್ಲ.

ಕೆಲಸವನ್ನು ಪೂರ್ತಿ ಮರೆತ ಸೌಂದರ್ಯ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಉದಾಹರಣೆಯಿದೆ. ಅಲ್ಲಿ ಸಾಲ್ಮನ್ ಮೀನಿಗಾಗಿ ಗರಿಗಳಿಂದ ಕಟ್ಟುವ ಹುಸಿ ನೊಣಗಳುಂಟು. ವಿಕ್ಟೋರಿಯ ರಾಣಿಯ ಕಾಲದಲ್ಲಿ ದೂರದ ಕಾಡುಗಳ ಅಪೂರ್ವ ಹಕ್ಕಿಗಳ ಗರಿಗಳಿಂದ ಇವನ್ನು ಕಟ್ಟುವುದೇ ಒಂದು ಕಲೆಯಾಯಿತು. ತಮಾಷೆಯೆಂದರೆ, ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಏರಿಬರುವ ಸಾಲ್ಮನ್ ಮೀನು ಸಿಹಿನೀರಿನಲ್ಲಿ ಆಹಾರವನ್ನೇ ಬಿಟ್ಟಿರುತ್ತದೆ. ಅದರ ಮುಂದೆ ಇಷ್ಟೆಲ್ಲ ಶೃಂಗಾರ! ಇಂದು ಆ ಹಳೆಯ ಕ್ರಮದಲ್ಲಿ ನೊಣ ಕಟ್ಟುವವರಲ್ಲಿ ಹಲವರು ಮೀನು ಹಿಡಿಯಹೋಗುವವರಲ್ಲ. ಅವರ ನೊಣ ನೇರವಾಗಿ ಚೌಕಟ್ಟಿಗೆ ಹೋಗುತ್ತದೆ. 2009ರ ಜೂನ್ ತಿಂಗಳಲ್ಲಿ ಈ ಕಲೆಯ ಮೋಹಕ್ಕೆ ಬಿದ್ದ ಸಂಗೀತದ ವಿದ್ಯಾರ್ಥಿಯೊಬ್ಬ, ಕೊಳಲು ನುಡಿಸುವವನು, ಟ್ರಿಂಗ್ ಎಂಬ ಊರಿನ ಪ್ರಕೃತಿ ವಸ್ತುಸಂಗ್ರಹಾಲಯದ ಕಿಟಕಿಯಿಂದ ನುಸುಳಿ 299 ಹಕ್ಕಿಗಳ ಚರ್ಮಗಳನ್ನು ಕದ್ದ. ಆಲ್ಫ್ರೆಡ್ ರಸೆಲ್ ವಾಲೇಸ್ ಮಲಯ ದ್ವೀಪಗಳಲ್ಲಿ ಕಷ್ಟಪಟ್ಟು ಕೂಡಿಸಿದ ಹಕ್ಕಿಗಳೂ ಅವುಗಳಲ್ಲಿದ್ದುವು. ಕಳ್ಳ ಸಿಕ್ಕಿಬೀಳುವ ಹೊತ್ತಿಗೆ ಎಷ್ಟೋ ಗರಿಗಳು ಮಾರಾಟವಾಗಿದ್ದುವು. ಮರಳಿ ಸಿಕ್ಕ ಹಕ್ಕಿಗಳಲ್ಲಿಯೂ ಹಲವಕ್ಕೆ ಕಾಲಿಗೆ ಕಟ್ಟಿದ್ದ ಚೀಟಿ ಇರಲಿಲ್ಲ.

ಆ ಚೀಟಿಯ ಮಾತು ನನ್ನನ್ನು ಬಹಳ ಕಾಡಿತು. ಅದರಲ್ಲಿ ಬರೆದಿರುವುದು ಅಷ್ಟೇನೂ ಅಲ್ಲ: ಯಾವ ದ್ವೀಪ, ಯಾವ ದಿನ, ಯಾರು ಹಿಡಿದದ್ದು. ಆದರೆ ಅಷ್ಟನ್ನು ಕಿತ್ತುಹಾಕಿದರೆ ವಿದ್ವಾಂಸನಿಗೆ ಆ ಹಕ್ಕಿಯಿಂದ ತಿಳಿಯುವುದು ಬಹಳ ಕಡಮೆ. ಉಳಿಯುವುದು ಬಣ್ಣ, ಹೊಳಪು, ಬೆಲೆ. ವಾಲೇಸನೂ ಹಕ್ಕಿಗಳನ್ನು ಕೊಂದವನೇ, ಕೂಡಿಸಿದವನೇ. ಹಲವನ್ನು ಮಾರಿದವನೂ ಹೌದು. ಅವನಿಗೂ ಆ ಕಳ್ಳನಿಗೂ ಇದ್ದ ಅಂತರ ಆ ಚೀಟಿಯಷ್ಟು. ಒಬ್ಬನಿಗೆ ವಸ್ತು ತನ್ನಾಚೆಗೆ ಬೆರಳು ತೋರಿಸುತ್ತಿತ್ತು. ಇನ್ನೊಬ್ಬನಿಗೆ ಅದು ತನ್ನ ಆಸೆಯ ಕಡೆಗೆ ಮಾತ್ರ ತೋರಿಸುತ್ತಿತ್ತು.

ನಮ್ಮ ಹಿರಿಯರು ಅಪರಿಗ್ರಹವನ್ನು ದೊಡ್ಡ ವ್ರತವೆಂದರು. ಸಂಸಾರಿಗಳಾದ ನಮಗೆ ಅದು ಪೂರ್ತಿಯಾಗಿ ಸಾಧ್ಯವಿಲ್ಲ. ಕೂಡಿಡುವವರೇ ಇಲ್ಲದಿದ್ದರೆ ತಾಳೆಗರಿಯ ಗ್ರಂಥಗಳೂ ಹಳೆಯ ಶಾಸನಗಳೂ ನಮಗೆ ಉಳಿಯುತ್ತಿರಲಿಲ್ಲ. ಆದರೆ ಪರಿಗ್ರಹಕ್ಕೂ ಸಂಗ್ರಹಕ್ಕೂ ನಡುವೆ ಒಂದು ಗೆರೆಯನ್ನು ಎಳೆಯಬಹುದು. ‘ಇದು ನನ್ನದು’ ಎಂಬಲ್ಲಿಗೆ ಮುಗಿಯುವುದು ಪರಿಗ್ರಹ. ‘ಇದು ನನಗಿಂತ ಮುಂಚೆ ಇನ್ನಾರದೋ ಆಗಿತ್ತು, ನನ್ನ ಬಳಿಕ ಇನ್ನಾರದೋ ಆಗುತ್ತದೆ, ನಡುವೆ ನಾನು ಇದರ ಕಥೆಯನ್ನು ಕಳೆಯಬಾರದು’ ಎಂಬುದು ಸಂಗ್ರಹ. ಹುಸಿ ಎರೆಗಳನ್ನು ಕೂಡಿಸುವವರಲ್ಲಿ ಈ ಎರಡನೆಯ ಜಾತಿಯವರೂ ಇದ್ದಾರೆ. ಮುಚ್ಚಿಹೋದ ಸಣ್ಣ ಕಾರ್ಖಾನೆಗಳ ಹೆಸರನ್ನು, ಕೈಯಿಂದ ಬಣ್ಣ ಬಳಿದವರ ಕುಶಲತೆಯನ್ನು, ಹಳೆಯ ಬೆಲೆಪಟ್ಟಿಗಳನ್ನು ಹುಡುಕಿ ಬರೆದಿಟ್ಟವರು ಅವರೇ. ಅವರ ಶ್ರಮವಿಲ್ಲದಿದ್ದರೆ ನಾನು ಮೇಲೆ ಹೇಳಿದ ಕಥೆಗಳಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ.

ಹಾಗಾದರೆ ಕೆಲಸದಿಂದ ಬಿಡಿಸಿ ಪ್ರೀತಿಸುವುದು ಸರಿಯೆ? ಬಿಡಿಸಬಹುದು, ಮರೆಯಬಾರದು ಎಂಬುದು ನನಗೆ ತೋರಿದ ಉತ್ತರ. ವಯಸ್ಸಾದ ಎತ್ತನ್ನು ನೊಗದಿಂದ ಬಿಡಿಸಿ ಕೊಟ್ಟಿಗೆಯಲ್ಲಿ ಮೇವು ಹಾಕುವ ರೈತ ಅದರ ಹೆಗಲಿನ ಕಾಯನ್ನು ಕಂಡು ಮುಖ ತಿರುಗಿಸುವುದಿಲ್ಲ, ಅದನ್ನೇ ತಡವುತ್ತಾನೆ. ಬೀರುವಿನಲ್ಲಿರುವ ಎರಡು ಗಾಳಗಳಲ್ಲಿ ಒಂದನ್ನು ಆರಿಸಿಕೋ ಎಂದರೆ ನಾನು ಪೆಟ್ಟಿಗೆಯಲ್ಲಿರುವುದನ್ನು ಶ್ರೀಮಂತರಿಗೆ ಬಿಡುತ್ತೇನೆ. ಬಣ್ಣ ಹೋಗಿ ಮರ ಕಾಣುವ, ಒಂದು ಕಣ್ಣು ಉದುರಿದ, ಬೆನ್ನ ಮೇಲೆ ಹಲ್ಲಿನ ಸಾಲು ಮೂಡಿದ ಇನ್ನೊಂದು ನನಗೆ ಸಾಕು. ಅದರ ಕೊಕ್ಕೆಯನ್ನು ಮಾತ್ರ ಯಾರೂ ತೆಗೆಯದಿರಲಿ. ಚಂದವೆಂದು ಕೈಯಿಟ್ಟವನಿಗೆ ಅದು ಏತಕ್ಕೆ ಹುಟ್ಟಿದ್ದೆಂಬುದು ಬೆರಳಿಗೆ ತಾಗಬೇಕು.