ವಾರ್ಡಿನಲ್ಲಿ ಹಿಡಿಯುವ ಸನ್ನಿ

ಕೋವಿಡ್ ಕಾಲದಲ್ಲಿ ಗೋಡೆಗೋಡೆಗೂ ಅಂಟಿಸಿದ್ದ ಪೋಸ್ಟರುಗಳಲ್ಲಿ ಜ್ವರ ಇತ್ತು, ಒಣಕೆಮ್ಮು ಇತ್ತು, ಏದುಸಿರು ಇತ್ತು. ಮೂಗಿಗೆ ವಾಸನೆ ಹತ್ತದಿರುವುದು ಸ್ವಲ್ಪ ತಡವಾಗಿ ಸೇರಿಕೊಂಡಿತು. ನಿನ್ನೆಯವರೆಗೆ ಸರಿಯಿದ್ದ ಹಿರಿಯರು ಇವತ್ತು ಹೊತ್ತುಗೊತ್ತಿಲ್ಲದೆ ಏನೇನೋ ಮಾತಾಡುವುದು ಮಾತ್ರ ಆ ಪೋಸ್ಟರುಗಳಲ್ಲಿ ಎದ್ದು ಕಾಣಲೇ ಇಲ್ಲ. 2020ರಲ್ಲಿ ಅಮೆರಿಕದ ಏಳು ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ, 65 ದಾಟಿದ 817 ಕೋವಿಡ್ ರೋಗಿಗಳ ದಾಖಲೆಗಳನ್ನು ತೆಗೆದು ನೋಡಿದಾಗ ಶೇ. 28 ಮಂದಿ ಬಾಗಿಲಿಗೆ ಬರುವಾಗಲೇ ಡೆಲಿರಿಯಂನಲ್ಲಿದ್ದರು. ಅವರಲ್ಲೂ ಶೇ. 37 ಮಂದಿಗೆ ಜ್ವರ, ಏದುಸಿರಿನಂಥ ಪೋಸ್ಟರಿನ ಲಕ್ಷಣ ಒಂದೂ ಇರಲಿಲ್ಲ. ಅಂದರೆ ಸೋಂಕು ಮೊದಲು ಮುಖ ತೋರಿಸಿದ್ದು ಮಾತಿನಲ್ಲಿ.

ನಮ್ಮ ಊರುಗಳಲ್ಲಿ ಈ ಡೆಲಿರಿಯಂಗೆ ಸನ್ನಿ ಎನ್ನುತ್ತಾರೆ. ಹೊಸದೇನಲ್ಲ. ಜ್ವರ ಏರಿದವನ ಕೈ ಹೊದಿಕೆಯ ನೂಲು ಕೀಳುತ್ತಾ, ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾ ಇರುವುದನ್ನು ಹಿಪೊಕ್ರೆಟಿಸನ ಕಾಲದ ಗ್ರೀಕ್ ವೈದ್ಯರೇ ಬರೆದಿಟ್ಟಿದ್ದಾರೆ. 1918ರ ಮಹಾ ಇನ್‌ಫ್ಲುಯೆಂಜಾ ಮುಗಿಯುತ್ತಿದ್ದಂತೆ ಬಾಸ್ಟನ್ನಿನ ಮನೋವೈದ್ಯ ಕಾರ್ಲ್ ಮೆನಿಂಜರ್ ಆ ಜ್ವರದ ಬೆನ್ನಿಗೇ ಬುದ್ಧಿ ಕೆಟ್ಟವರ ಬಗ್ಗೆ 1919ರಲ್ಲಿ ಲೇಖನ ಪ್ರಕಟಿಸಿದ. ಅದೇ ಜ್ವರದಲ್ಲಿ ಡೆನ್ವರ್ ನಗರದಲ್ಲಿ ಸಾವಿನ ಅಂಚಿಗೆ ಹೋಗಿ ಬಂದ ಲೇಖಕಿ ಕ್ಯಾಥರೀನ್ ಆನ್ ಪೋರ್ಟರ್ ಇಪ್ಪತ್ತು ವರ್ಷಗಳ ನಂತರ ಸನ್ನಿಯ ಒಳಗಿನಿಂದಲೇ ಒಂದು ನೀಳ್ಗತೆ ಬರೆದಳು. ಇಷ್ಟೆಲ್ಲ ಗೊತ್ತಿದ್ದೂ ಕೋವಿಡ್ ಬಂದಾಗ ನಾವು ಶ್ವಾಸಕೋಶ ಒಂದನ್ನೇ ನೋಡುತ್ತಾ ಕೂತೆವು.

ಮನೆಯವರಿಗೆ ಮೊದಲು ಹೊಳೆಯುವುದು ಎರಡೇ. ಒಂದು, ವಯಸ್ಸಾಯಿತು, ಅರಳುಮರಳು. ಇನ್ನೊಂದು, ಕಾಲ ಹತ್ತಿರ ಬಂತು. ತೀರಿಹೋದ ಅಮ್ಮ ಬಂದು ಕರೆಯುತ್ತಿದ್ದಾಳೆ ಅಂತಿದ್ದಾರಲ್ಲ! ಎರಡೂ ತಪ್ಪು. ಅರಳುಮರಳು ತಿಂಗಳು ವರ್ಷಗಳ ಲೆಕ್ಕದಲ್ಲಿ ಬರುವಂಥದು. ಸನ್ನಿ ಬರುವುದು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ. ಅದೂ ಒಂದೇ ಸಮ ಇರುವುದಿಲ್ಲ. ಬೆಳಿಗ್ಗೆ ರೌಂಡ್ಸಿಗೆ ಡಾಕ್ಟರು ಬಂದಾಗ ಅಜ್ಜ ತಮ್ಮ ಹೆಸರು, ಊರು ಎಲ್ಲ ಸರಿಯಾಗಿ ಹೇಳುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೇ ಅಜ್ಜ ಮಂಚದ ಕೆಳಗೆ ಹಸುವಿನ ಕರು ಹುಡುಕುತ್ತಿರುತ್ತಾರೆ. ಕಾಯಿಲೆ, ಆಮ್ಲಜನಕದ ಕೊರತೆ, ಸೋಂಕಿನ ವಿರುದ್ಧ ದೇಹವೇ ಸುರಿಸುವ ಉರಿಯೂತದ ರಾಸಾಯನಿಕಗಳು, ನೀರು ಕಡಿಮೆಯಾಗುವುದು, ಸೋಡಿಯಂ ಇಳಿಯುವುದು ಎಲ್ಲ ಒಟ್ಟಿಗೆ ಬಂದಾಗ ಮೆದುಳು ವೋಲ್ಟೇಜ್ ಸಾಲದ ಟ್ಯೂಬ್‌ಲೈಟಿನಂತೆ ಹತ್ತಿ ಆರಿ ಹತ್ತಿ ಆರಿ ಮಾಡುತ್ತದೆ.

ಇವುಗಳ ಮೇಲೆ ನಾವು ಕೊಡುವ ಔಷಧಿ ಬೇರೆ. ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ಪುಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮಿನ್ ಪ್ರಾಯದವರಿಗೆ ಹೆಚ್ಚಾಗಿ ತೂಕಡಿಕೆ ತರುತ್ತದೆ, ಅಷ್ಟೇ. ಎಪ್ಪತ್ತು ದಾಟಿದವರಿಗೆ ಅದು ತಲೆಯನ್ನೇ ಕಲಕಬಹುದು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಬಂದ ಮೇಲೆ ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಸೋನ್ ಕೊಡುವುದು ರೂಢಿಯಾಯಿತು. ಎಷ್ಟೋ ಜೀವ ಉಳಿಸಿದ ಔಷಧಿ ಅದು, ಎರಡು ಮಾತಿಲ್ಲ. ಆದರೆ ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ, ಕೆಲವರನ್ನು ಕೆರಳಿಸುತ್ತದೆ. ಇನ್ನೊಂದು ಸಂಗತಿಯನ್ನು ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ದಿನಾ ಕುಡಿಯುವ ಅಭ್ಯಾಸವಿದ್ದವರು ಆಸ್ಪತ್ರೆ ಸೇರಿ ಎರಡು ಮೂರು ದಿನಕ್ಕೆ ನಡುಗುತ್ತಾ, ಹುಳಹುಪ್ಪಟೆ ಕಾಣುತ್ತಾ ಒದ್ದಾಡಿದರೆ ಅದು ಮದ್ಯ ನಿಂತ ಸನ್ನಿ, ಅದರ ಚಿಕಿತ್ಸೆಯೇ ಬೇರೆ. ಅಡ್ಮಿಟ್ ಮಾಡುವಾಗ ಡಾಕ್ಟರ ಕಿವಿಯಲ್ಲಾದರೂ ಹೇಳಬೇಕು.

ಸನ್ನಿ ಎಂದರೆ ಕಿರುಚಾಟ, ಡ್ರಿಪ್ಪು ಕಿತ್ತೆಸೆಯುವುದು ಎಂದೇ ಎಲ್ಲರ ತಿಳಿವಳಿಕೆ. ಆಕ್ಸಿಜನ್ ಮಾಸ್ಕ್ ಕಿತ್ತು ಬಿಸಾಡುವವರು ನಿಜಕ್ಕೂ ಅಪಾಯದಲ್ಲಿರುತ್ತಾರೆ. ಹಾಗೆಂದೇ ಕೈಗೆ ಬ್ಯಾಂಡೇಜು ಸುತ್ತಿ ಮಂಚಕ್ಕೆ ಕಟ್ಟುತ್ತಾರೆ, ಕಟ್ಟಿದಷ್ಟೂ ಭಯ ಹೆಚ್ಚುತ್ತದೆ. ಆದರೂ ನನಗೆ ಹೆಚ್ಚು ಕಳವಳ ತರುವುದು ಸದ್ದಿಲ್ಲದ ಸನ್ನಿ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ. ಕೂಗಿದರೆ ಕಣ್ಣು ಬಿಟ್ಟು ಮುಚ್ಚುತ್ತಾರೆ, ತುತ್ತು ಬಾಯಲ್ಲೇ ಇಟ್ಟುಕೊಂಡಿರುತ್ತಾರೆ. "ಇವತ್ತು ಅಜ್ಜಿ ಏನೂ ತೊಂದ್ರೆ ಕೊಡ್ಲಿಲ್ಲ, ಚೆನ್ನಾಗಿ ನಿದ್ದೆ ಮಾಡಿದಾರೆ" ಅಂತ ಸಿಸ್ಟರ್ ಹೇಳುತ್ತಾರೆ, ಮನೆಯವರಿಗೂ ಸಮಾಧಾನ. ಕೇಸ್ ಶೀಟಿನಲ್ಲಿ ಏನೂ ಬರೆಯುವುದಿಲ್ಲ. ತಪ್ಪಿಹೋಗುವ ಸನ್ನಿಗಳಲ್ಲಿ ಇದೇ ಹೆಚ್ಚು.

ಕಂಡುಹಿಡಿಯಲು ಸ್ಕ್ಯಾನು ಬೇಡ. 1990ರಲ್ಲಿ ಶ್ಯಾರನ್ ಇನೂಯ್ ಎಂಬ ವೈದ್ಯೆ ಕೊಟ್ಟ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಬದಲಾವಣೆ ಏಕಾಏಕಿ ಬಂತೇ, ಏರಿಳಿತವಿದೆಯೇ, ಗಮನ ನಿಲ್ಲುತ್ತಿಲ್ಲವೇ? ಇವುಗಳ ಜೊತೆಗೆ ಮಾತು ಅಡ್ಡಾದಿಡ್ಡಿಯಾಗಿದ್ದರೆ ಅಥವಾ ಎಚ್ಚರದ ಮಟ್ಟ ಬದಲಾಗಿದ್ದರೆ ಸನ್ನಿ ಎಂದೇ ಲೆಕ್ಕ. ಗಮನ ನೋಡಲು ಡಿಸೆಂಬರಿನಿಂದ ಹಿಂದಕ್ಕೆ ತಿಂಗಳು ಹೇಳಿಸುತ್ತಾರೆ. ಶಾಲೆಗೆ ಹೋಗದ ನಮ್ಮ ಹಿರಿಯರಿಗೆ ಶನಿವಾರ, ಶುಕ್ರವಾರ, ಗುರುವಾರ ಎಂದು ವಾರವನ್ನು ಹಿಂದಿನಿಂದ ಹೇಳಿಸಿದರೂ ಸಾಕಷ್ಟು ಗೊತ್ತಾಗುತ್ತದೆ. ಆದರೆ "ಏಕಾಏಕಿ ಬಂತೇ" ಎಂಬ ಮೊದಲ ಪ್ರಶ್ನೆಗೆ ಉತ್ತರ ರೋಗಿಯ ಬಳಿ ಇಲ್ಲ, ಆವತ್ತೇ ಡ್ಯೂಟಿಗೆ ಬಂದ ಸಿಸ್ಟರ್ ಬಳಿಯೂ ಇಲ್ಲ. "ಇಲ್ಲ ಸಿಸ್ಟರ್, ನಮ್ಮ ಮಾವನೋರು ಮೊನ್ನೆ ತನಕ ಹಾಲಿನ ಡೈರಿ ಲೆಕ್ಕ ಅವರೇ ನೋಡ್ತಿದ್ರು" ಎನ್ನಲು ಮನೆಯವರೇ ಬೇಕು.

ಆ ಮನೆಯವರನ್ನೇ ಕೋವಿಡ್ ಹೊರಗೆ ನಿಲ್ಲಿಸಿತು. ಒಳಗೆ ಇರುಳು ಹಗಲೆನ್ನದೆ ಉರಿಯುವ ದೀಪ, ಕೂಗುತ್ತಲೇ ಇರುವ ಮಾನಿಟರು, ಅಡಿಯಿಂದ ಮುಡಿಯವರೆಗೆ ಬಿಳಿ ಪಿಪಿಇ ತೊಟ್ಟು ಓಡಾಡುವವರು. ಡಾಕ್ಟರು ಯಾರು, ಸಿಸ್ಟರ್ ಯಾರು, ಕಸ ಗುಡಿಸುವವರು ಯಾರು ಗೊತ್ತಾಗದೆ ಕೆಲವು ಕಡೆ ಎದೆಯ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಂಡರು. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಮೊದಲೇ ಚೀಲಕ್ಕೆ ಸೇರಿ ಮನೆಗೆ ಹೋಗಿರುತ್ತಿದ್ದವು. ಬೆಂಗಳೂರಿನ ಐಸಿಯುಗಳಲ್ಲಿ ಬಹಳ ಮಂದಿ ಸಿಸ್ಟರ್‌ಗಳು ಕೇರಳದವರು. ದುಡಿಮೆಯಲ್ಲಿ ತಪ್ಪು ತೆಗೆಯುವ ಹಾಗಿಲ್ಲ. ಆದರೆ ಕೋಲಾರದ ಕಡೆಯ ಅಜ್ಜನ ತೆಲುಗು ಬೆರೆತ ಗೊಣಗಾಟ ಮಾಸ್ಕಿನ ಹಿಂದಿನ ಅವರ ಕಿವಿಗೆ ತಲುಪಬೇಕಲ್ಲ. ಗಟ್ಟಿ ತಲೆಯವರೂ ದಿಕ್ಕು ತಪ್ಪುವ ಜಾಗ ಅದು.

14 ದೇಶಗಳ 69 ಐಸಿಯುಗಳಲ್ಲಿದ್ದ 2,088 ಕೋವಿಡ್ ರೋಗಿಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು, ಶೇ. 55ರಷ್ಟು ಮಂದಿಗೆ ಸನ್ನಿ ಹಿಡಿದಿತ್ತು. ಮಿಡಾಜೋಲಾಂ ಜಾತಿಯ ನಿದ್ದೆಯ ಔಷಧಿಗಳನ್ನು ಡ್ರಿಪ್ಪಿನಲ್ಲಿ ಪಡೆದವರು ಶೇ. 64. ಈ ಔಷಧಿ ಬಿದ್ದವರಿಗೆ ಮರುದಿನ ಸನ್ನಿಯ ಸಂಭವ ಹೆಚ್ಚು. ಮನೆಯವರ ಮುಖ ಕಂಡವರಿಗೆ, ವಿಡಿಯೋ ಕಾಲ್‌ನಲ್ಲಾದರೂ ಸರಿ, ಆ ಸಂಭವ ಕಾಲು ಭಾಗಕ್ಕೂ ಮಿಗಿಲಾಗಿ ಕಡಿಮೆ. ಮಾತಾಡುವಷ್ಟು ಚೇತರಿಸಿಕೊಂಡವರಿಗೇ ಫೋನು ಸಿಕ್ಕಿರಬಹುದು ಎಂಬ ಅನುಮಾನ ನ್ಯಾಯವಾದದ್ದೇ. ಆದರೂ ಇದೇ ದಿಕ್ಕಿಗೆ ಬೆರಳು ತೋರಿಸುವ ಹಳೆಯ ಸಾಕ್ಷ್ಯವಿದೆ. ಇನೂಯ್ ಅವರದೇ ತಂಡ ಯೇಲ್‌ನಲ್ಲಿ 70 ದಾಟಿದ 852 ರೋಗಿಗಳಲ್ಲಿ ಮಾಡಿ 1999ರಲ್ಲಿ ಪ್ರಕಟಿಸಿದ ಪ್ರಯತ್ನದಲ್ಲಿ ಸನ್ನಿ ಶೇ. 15ರಿಂದ 9.9ಕ್ಕೆ ಇಳಿಯಿತು. ಅವರು ಮಾಡಿದ್ದಾದರೂ ಏನು? ಕನ್ನಡಕ ಹಾಕಿಸಿದರು, ಕಿವಿ ಕೇಳುವಂತೆ ಮಾಡಿದರು, ನೀರು ಕುಡಿಸಿದರು, ನಡೆಸಿದರು, ಇವತ್ತು ಯಾವ ವಾರ ಎಂದು ನೆನಪಿಸಿದರು, ರಾತ್ರಿ ಗದ್ದಲ ತಗ್ಗಿಸಿ ಮಲಗಲು ಬಿಟ್ಟರು. ಇನ್ನೊಂದು ಕಡೆ, ಐಸಿಯುಗಳಲ್ಲಿ ಸನ್ನಿಗೆಂದು ಧಾರಾಳವಾಗಿ ಚುಚ್ಚುವ ಹ್ಯಾಲೊಪೆರಿಡಾಲನ್ನು 2018ರ ದೊಡ್ಡ ಪ್ರಯೋಗವೊಂದರಲ್ಲಿ ಬರೀ ಉಪ್ಪುನೀರಿನ ಎದುರು ಇಟ್ಟು ನೋಡಿದರೆ ಸನ್ನಿಯ ದಿನಗಳು ಒಂದೂ ಕಡಿಮೆಯಾಗಲಿಲ್ಲ.

ನಮ್ಮ ವಾರ್ಡುಗಳಲ್ಲಿ "ಪೇಷಂಟ್ ಅಟೆಂಡರ್ ಯಾರ್ರೀ?" ಎಂಬ ಕೂಗಿಗೆ ಓಡಿಬರುವ ಮಗಳೋ ಸೊಸೆಯೋ ಈ ಕೆಲಸವನ್ನೆಲ್ಲ ಸಂಬಳವಿಲ್ಲದೆ ಮಾಡುತ್ತಾ ಬಂದವರು. ಐಸಿಯು ಬಾಗಿಲಿಗೆ ಬಂದ ಕೂಡಲೇ ಅವರು ಬೇಡವಾಗುತ್ತಾರೆ. ಭೇಟಿಯ ಸಮಯ ಸಂಜೆ ಐದರಿಂದ ಆರು ಎಂದಿರುವ ಬೋರ್ಡನ್ನು ಬರೆಸಿದವರು ಯಾರೋ ಕಾಣೆ. ಸನ್ನಿ ತಲೆ ಎತ್ತುವ ಹೊತ್ತಿಗೆ ಸರಿಯಾಗಿ ಮನೆಯವರನ್ನು ಹೊರಗೆ ಕಳಿಸುವ ಏರ್ಪಾಡು ಅದು. ಹತ್ತು ಮಂದಿ ಹಣ್ಣು ಹಿಡಿದು ನುಗ್ಗಲಿ ಎಂದು ಯಾರೂ ಹೇಳುತ್ತಿಲ್ಲ. ಮಾಸ್ಕ್ ಹಾಕಿಸಿ, ಕೈ ತೊಳೆಸಿ, ಗುರುತಿರುವ ಒಬ್ಬರನ್ನು ರಾತ್ರಿ ಊಟದ ತನಕ ಕೂರಿಸಿದರೆ ಸೋಂಕು ನಿಯಂತ್ರಣ ಸಮಿತಿಯ ಗಂಟೇನೂ ಹೋಗುವುದಿಲ್ಲ.

ಸನ್ನಿಯಲ್ಲಿ ಆಡಿದ ಮಾತಿನ ಕತೆಯೇ ಬೇರೆ. "ನನ್ ಜಮೀನು ಬರೆಸ್ಕೊಳ್ಳೋಕೆ ಬಂದಿದೀರಾ, ಅನ್ನಕ್ಕೆ ಏನೋ ಹಾಕಿದೀರಾ" ಎಂದು ಮಾವ ಸೊಸೆಯ ಮೇಲೆ ಕೂಗಾಡಿದರೆ, ಒಳಗಿದ್ದದ್ದೇ ಹೊರಗೆ ಬಂತು ಎಂದು ಮನೆಯಲ್ಲಿ ವರ್ಷಗಟ್ಟಲೆ ಮುನಿಸು. ಯಾರೋ ಕೊಲ್ಲಲು ಬಂದಿದ್ದಾರೆ, ವಿಷ ಹಾಕಿದ್ದಾರೆ, ಬಂಧಿಸಿಟ್ಟಿದ್ದಾರೆ ಎಂಬುದು ಈ ಕಾಯಿಲೆಯಲ್ಲಿ ಎಲ್ಲ ದೇಶದ ರೋಗಿಗಳೂ ಆಡುವ ಮಾತು, ಅದರಲ್ಲಿ ಸೊಸೆಯ ಪಾಲೇನೂ ಇಲ್ಲ. ಗುಣವಾದ ಮೇಲೆ ಕೆಲವರಿಗೆ ಅದು ಪೂರ್ತಿ ಮರೆತಿರುತ್ತದೆ, ಕೆಲವರಿಗೆ ನಡೆದ ಸಂಗತಿಗಿಂತ ಸ್ಪಷ್ಟವಾಗಿ ನೆನಪಿರುತ್ತದೆ. ಯಾರಿಗೂ ಹೇಳಲಾಗದೆ ನಾಚಿಕೊಂಡು ಕೂತಿರುತ್ತಾರೆ. ಸ್ಕ್ಯಾಂಡಿನೇವಿಯಾದ ಐಸಿಯುಗಳಲ್ಲಿ 1980ರ ದಶಕದಿಂದ ನರ್ಸುಗಳು ರೋಗಿಯ ಹೆಸರಿನಲ್ಲಿ ಒಂದು ದಿನಚರಿ ಇಟ್ಟು, ಆವತ್ತು ಏನಾಯಿತು, ಯಾರು ಬಂದಿದ್ದರು ಎಂದು ಬರೆದು ಆಮೇಲೆ ಓದಲು ಕೊಡುತ್ತಾ ಬಂದಿದ್ದಾರೆ. ನೋಟ್‌ಬುಕ್ಕಿಗೆ ಮೂವತ್ತು ರೂಪಾಯಿ, ಅದನ್ನು ಮನೆಯವರೂ ಮಾಡಬಹುದು. ನಗೆಯಾಡಲು ವಿಡಿಯೋ ಮಾಡಿ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರೂ ಇದ್ದಾರೆ, ಅವರಿಗೆ ಏನು ಹೇಳಬೇಕೋ ತಿಳಿಯದು.

ಡಿಸ್‌ಚಾರ್ಜ್ ಸಮರಿಯಲ್ಲಿ ನ್ಯುಮೋನಿಯಾ ಇರುತ್ತದೆ, ಶುಗರ್ ಬಿಪಿ ಇರುತ್ತದೆ, ಐದು ದಿನ ಹಿಡಿದಿದ್ದ ಸನ್ನಿಯ ಸುದ್ದಿ ಬಹುಪಾಲು ಇರುವುದಿಲ್ಲ. ಒಮ್ಮೆ ಹಿಡಿದವರಿಗೆ ಮುಂದಿನ ಕಾಯಿಲೆಯಲ್ಲೋ ಆಪರೇಷನ್ನಿನಲ್ಲೋ ಮತ್ತೆ ಹಿಡಿಯುವ ಸಂಭವ ಹೆಚ್ಚು, ಹಾಗಾಗಿ ಆ ಒಂದು ಸಾಲು ಬೇಕು. ಬಿಲ್ ಕಟ್ಟುವ ಮೊದಲು ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಕೇಳಿದರೆ ಬರೆದುಕೊಡುತ್ತಾರೆ.