ಸಾಲಕ್ಕೆ ಕೊನೆಯುಂಟೋ?

ಕೊಳ್ಳೇಗಾಲದ ಸೀಮೆಯಲ್ಲಿ ಧನಗೆರೆ ಎಂಬದೊಂದು ಗ್ರಾಮವುಂಟು. ಆ ಹೆಸರು ಕಿವಿಗೆ ಬೀಳುವಾಗ ಧನವೂ ಕೆರೆಯೂ ಜೊತೆಯಾಗಿ ಮನಸ್ಸಿಗೆ ಬರುತ್ತವೆ. ಕೆರೆಯ ಸಂಗತಿಯನ್ನು ಬೇಸಾಯಗಾರನಿಗೆ ಕಲಿಸಬೇಕಾದದ್ದಿಲ್ಲ. ಏರಿ ಎಷ್ಟು ಭದ್ರವಾಗಿದ್ದರೂ ಕೋಡಿಯಿಲ್ಲದ ಕೆರೆ ನಿಲ್ಲಲಾರದು. ಹೆಚ್ಚಾದ ನೀರಿಗೆ ದಾರಿ ಬಿಟ್ಟವನೇ ಕೆರೆಯನ್ನು ಕಾಪಾಡಿದವನು. ಧನಕ್ಕೂ ಅಂಥ ಕೋಡಿ ಬೇಕೋ? ಕೊಟ್ಟ ಸಾಲವು ನ್ಯಾಯವಾದದ್ದೇ ಆಗಿರುವಾಗ ಅದನ್ನು ಬಿಟ್ಟುಬಿಡುವದು ಧರ್ಮವೋ, ಇಲ್ಲವೆ ಕೊಟ್ಟವನಿಗೆ ಮಾಡುವ ಅನ್ಯಾಯವೋ? ಪ್ರಿಯ ವಾಚಕರೇ, ಈ ಪ್ರಶ್ನೆಯನ್ನು ಪೂರ್ವಕಾಲದ ಯೆಹೂದ್ಯರ ಧರ್ಮಶಾಸ್ತ್ರದ ಬೆಳಕಿನಲ್ಲಿ ವಿಚಾರಿಸೋಣ.

ಆ ಶಾಸ್ತ್ರದಲ್ಲಿ ವಿಶ್ರಾಂತಿಯೂ ಬಿಡುಗಡೆಯೂ ಒಂದೇ ಬೇರಿನಿಂದ ಹುಟ್ಟಿದವು. ಏಳನೆಯ ದಿನದಲ್ಲಿ ಮನೆಯ ಯಜಮಾನನು ಮಾತ್ರವಲ್ಲ, ದಾಸನೂ ದಾಸಿಯೂ ಪರದೇಶಿಯೂ ಎತ್ತೂ ಕತ್ತೆಯೂ ದಣಿವಾರಿಸಿಕೊಳ್ಳಬೇಕಾಗಿತ್ತು. ಏಳನೆಯ ವರುಷದಲ್ಲಿ ಹೊಲವನ್ನು ಬೀಳುಬಿಟ್ಟು, ತಾನಾಗಿ ಬೆಳೆದದ್ದನ್ನು ಬಡವರಿಗೂ ಕಾಡುಮೃಗಗಳಿಗೂ ಬಿಡಬೇಕಾಗಿತ್ತು; ಅದೇ ವರುಷದಲ್ಲಿ ನೆರೆಯವನ ಸಾಲವನ್ನೂ ಬಿಡಬೇಕಾಗಿತ್ತು. ಏಳೇಳು ವರುಷಗಳು ಕಳೆದು ಐವತ್ತನೆಯದು ಬಂದಾಗ ಕೊಂಬಿನ ಧ್ವನಿಯೊಡನೆ ಜೂಬಿಲಿ ಸಂವತ್ಸರವು ಸಾರಲ್ಪಟ್ಟು, ಮಾರಿಹೋದ ಹೊಲವು ಮೊದಲಿನ ಮನೆತನಕ್ಕೆ ತಿರುಗಿ ಬರುವದು. ಆದದರಿಂದ ಹೊಲದ ಬೆಲೆಯನ್ನು ಜೂಬಿಲಿಯ ವರೆಗೆ ಉಳಿದ ಬೆಳೆಗಳ ಲೆಕ್ಕದಿಂದ ಕಟ್ಟುತ್ತಿದ್ದರು. ಮಾರುತ್ತಿದ್ದದ್ದು ಬೆಳೆಗಳನ್ನೇ ಹೊರತು ಭೂಮಿಯನ್ನಲ್ಲ, ಭೂಮಿಯು ದೇವರದು.

ಆದರೆ ಸಾಲ ಕೊಟ್ಟವನಿಗೂ ಒಂದು ಮಾತುಂಟು. “ನಾನು ಬೆವರು ಸುರಿಸಿ ಗಳಿಸಿದ ಹಣವನ್ನು ಕಷ್ಟಕಾಲದಲ್ಲಿ ಅವನಿಗೆ ಕೊಟ್ಟೆನು; ವರುಷ ತಿರುಗಿದ ಮಾತ್ರಕ್ಕೆ ಯಾಕೆ ಬಿಡಬೇಕು?” ಎಂದು ಅವನು ಕೇಳಿದರೆ ಅದನ್ನು ದುಷ್ಟನ ಮಾತೆಂದು ತಳ್ಳಿಬಿಡಬಾರದು. ಮೋಶೆಯ ಶಾಸ್ತ್ರವೇ ಈ ಕಷ್ಟವನ್ನು ಅರಿತು, ಬಿಡುಗಡೆಯ ವರುಷವು ಸಮೀಪಿಸಿತೆಂದು ಬಡವನಿಗೆ ಕೈ ಮುಚ್ಚುವವನನ್ನು ಎಚ್ಚರಿಸಿತು. ಎಚ್ಚರಿಸಿದರೂ ಕೈಗಳು ಮುಚ್ಚಿದವು. ಕ್ರಿಸ್ತಶಕದ ಆರಂಭದ ಸುಮಾರಿಗೆ ಇದ್ದ ಹಿಲ್ಲೇಲನೆಂಬ ಶಾಸ್ತ್ರಿಯು ಜನರು ಸಾಲ ಕೊಡುವದನ್ನೇ ನಿಲ್ಲಿಸಿದ್ದನ್ನು ಕಂಡು ಒಂದು ಏರ್ಪಾಡು ಮಾಡಿದನು. ಸಾಲಗಳನ್ನು ನ್ಯಾಯಾಧಿಪತಿಗಳ ಮುಂದೆ ಪತ್ರದ ಮೂಲಕ ಒಪ್ಪಿಸಿದರೆ ಬಿಡುಗಡೆಯ ವರುಷವು ಅವುಗಳನ್ನು ಅಳಿಸದು. ಬಡವನಿಗೆ ಸಾಲ ಸಿಕ್ಕಿತು, ಬಿಡುಗಡೆಯೋ ಕೈತಪ್ಪಿತು.

ಈ ತೊಡಕು ನಮ್ಮ ಸೀಮೆಗೂ ಹೊಸದಲ್ಲ. ಕೊಳ್ಳೇಗಾಲವು 1956ರ ವರೆಗೆ ಮದ್ರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜಗೋಪಾಲಾಚಾರಿಯವರ ಮಂತ್ರಿಮಂಡಲವು 1938ರಲ್ಲಿ ರೈತರ ಋಣಪರಿಹಾರದ ಕಾಯಿದೆಯನ್ನು ಮಾಡಿತು. 1932ನೇ ಇಸವಿ ಅಕ್ಟೋಬರ್ 1ಕ್ಕೆ ಮುಂಚಿನ ಸಾಲಗಳ ಮೇಲೆ 1937ನೇ ಇಸವಿ ಅಕ್ಟೋಬರ್ 1ರಂದು ನಿಂತಿದ್ದ ಬಡ್ಡಿಯೆಲ್ಲವೂ ತೀರಿತೆಂದೂ, ಅಸಲಿನ ಎರಡರಷ್ಟನ್ನು ಆಗಲೇ ಕೊಟ್ಟವನ ಸಾಲವೇ ತೀರಿತೆಂದೂ ಅದು ವಿಧಿಸಿತು. ದೇವರಾಜ ಅರಸರ ಕಾಲದಲ್ಲಿ, 1976ರಲ್ಲಿ, ಕರ್ನಾಟಕದ ಋಣಪರಿಹಾರ ಕಾಯಿದೆಯು ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಳ ಮತ್ತು ದುರ್ಬಲರ ಸಾಲಗಳನ್ನು ಬಿಡಿಸಿತು. ಇಂಥ ಕಾಯಿದೆ ಬರುವಾಗಲೆಲ್ಲಾ ಹಿಲ್ಲೇಲನು ಕಂಡ ಪ್ರಶ್ನೆಯೇ ಏಳುವದು: ನಾಳೆ ಬಡವನಿಗೆ ಸಾಲ ಕೊಡುವವರಾರು?

ಹಾಗಾದರೆ ಬಿಡುಗಡೆಯು ವ್ಯರ್ಥವೋ? ಅಲ್ಲ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸಾಲವು ಬೆಳೆಯ ಮೇಲೆ ಹಕ್ಕಾಗಬಹುದು. ಮನುಷ್ಯನ ಮೇಲೆ ಕೊನೆಯಿಲ್ಲದ ಹಕ್ಕಾಗಲಾರದು. ಬೀಸುವ ಕಲ್ಲನ್ನು ಅಡವಿಟ್ಟುಕೊಳ್ಳಬಾರದೆಂದು ಶಾಸ್ತ್ರವು ಹೇಳಿದ್ದು ಇದಕ್ಕಾಗಿಯೇ. ಅದನ್ನು ಒಯ್ದವನು ಕಲ್ಲನ್ನಲ್ಲ, ಮನೆಯವರ ಜೀವವನ್ನೇ ಒಯ್ದಂತಾಯಿತು. ಜೀತವಾದರೋ ಮನುಷ್ಯನನ್ನೇ ಅಡವಿಡುವದು. ತಂದೆಯು ಮದುವೆಗಾಗಿ ತಂದ ಹಣಕ್ಕೆ ಮಗನು ದುಡಿಯುವನು. ಬಡ್ಡಿಯು ಬೆಳೆಯುವದು, ಮಗನು ಸವೆಯುವನು. ಸೋಮವಾರದಲ್ಲಿ ಎತ್ತಿಗೆ ನೊಗವಿಡದೆ ಬಿಡುವ ವಾಡಿಕೆಯು ಕನ್ನಡನಾಡಿನ ಅನೇಕ ಹಳ್ಳಿಗಳಲ್ಲಿ ಬಹುಕಾಲದಿಂದ ಬಂದದ್ದು. ಅದು ಒಳ್ಳೆಯ ವಾಡಿಕೆ. ಆದರೆ ಎತ್ತನ್ನು ಬಿಟ್ಟವನು ಎತ್ತಿನ ಹಿಂದೆ ನಡೆದ ಜೀತದಾಳನ್ನೂ ಬಿಟ್ಟನೋ?

1976ರ ಕೇಂದ್ರ ಶಾಸನವು, 1975ನೇ ಇಸವಿ ಅಕ್ಟೋಬರ್ 25ರಿಂದಲೇ ಅನ್ವಯಿಸುವಂತೆ, ಜೀತವನ್ನು ರದ್ದುಮಾಡಿ ಜೀತದ ಸಾಲವನ್ನೂ ಅಳಿಸಿತು. ಆದರೆ ಬಿಡುಗಡೆಯು ಒಂದು ದಿನದ ಕೆಲಸವಲ್ಲ. ಯೆರೂಸಲೇಮಿಗೆ ಮುತ್ತಿಗೆಯಾದಾಗ ಅರಸನಾದ ಚಿದ್ಕೀಯನ ಮಾತಿನಂತೆ ಶ್ರೀಮಂತರು ದಾಸರನ್ನು ಬಿಟ್ಟರು. ಅಪಾಯವು ತುಸು ದೂರವಾದ ಕೂಡಲೇ ಅವರನ್ನೇ ತಿರುಗಿ ಹಿಡಿದರು. ಯೆರೆಮೀಯನು ಇದಕ್ಕಾಗಿಯೇ ಅವರನ್ನು ಕಠಿಣವಾಗಿ ಗದರಿಸಿದನು. ಹೊಟ್ಟೆಗಿಲ್ಲದವನು ತಾನಾಗಿಯೇ ಹಳೆಯ ಬಾಗಿಲಿಗೆ ಹಿಂದಿರುಗುವದೂ ಉಂಟು. ಅದಕ್ಕಾಗಿ ಮೋಶೆಯ ಶಾಸ್ತ್ರವು ಬಿಡುಗಡೆಯಾದ ದಾಸನನ್ನು ಬರಿಗೈಯಲ್ಲಿ ಕಳುಹಿಸದೆ, ಹಿಂಡಿನಿಂದಲೂ ಕಣದಿಂದಲೂ ದ್ರಾಕ್ಷೆಯ ಆಲೆಯಿಂದಲೂ ಧಾರಾಳವಾಗಿ ಕೊಟ್ಟು ಕಳುಹಿಸಬೇಕೆಂದು ವಿಧಿಸಿತು. ನಮ್ಮ ದೇಶದಲ್ಲಿಯೂ ಜೀತಮುಕ್ತರ ಪುನರ್ವಸತಿಗೆಂದು 1978ರಲ್ಲಿ ಸರಕಾರದ ಯೋಜನೆಯು ಆರಂಭವಾಯಿತು.

ಆ ಶಾಸ್ತ್ರಕ್ಕೂ ಒಂದು ಮೇರೆಯಿತ್ತೆಂಬದನ್ನು ಮರೆಮಾಡಬಾರದು. ಸಾಲದ ಬಿಡುಗಡೆಯು ಇಸ್ರಾಯೇಲ್ಯನಿಗೇ ಹೊರತು ಪರದೇಶಿಗಲ್ಲ. ಆದರೆ ನೆರೆಯವನು ಯಾರೆಂದು ಕೇಳಿದವನಿಗೆ ನಮ್ಮ ಕರ್ತನು ಸಮಾರ್ಯದವನ ಸಾಮ್ಯವನ್ನು ಹೇಳಿದ ಮೇಲೆ ಆ ಮೇರೆಯ ಹಿಂದೆ ನಾವು ಅಡಗಿಕೊಳ್ಳಲಾರೆವು.

ಹೀಗಿರಲಾಗಿ ಪ್ರಶ್ನೆಗೆ ಉತ್ತರವೇನು? ಸಾಲವು ನ್ಯಾಯವಾದದ್ದು, ತೀರಿಸಬಲ್ಲವನು ತೀರಿಸಲೇ ಬೇಕು. ಆದರೆ ಅದಕ್ಕೆ ಕೊನೆಯುಂಟು. ಕಾಯಿದೆಯು ಪತ್ರವನ್ನು ಹರಿಯಬಲ್ಲದು. ಮುಚ್ಚಿದ ಕೈಯನ್ನು ತೆರೆಯಲಾರದು. ಅದು ಕೊಡುವವನ ಮನಸ್ಸಿನ ಕೆಲಸ. ನಮ್ಮಲ್ಲಿ ಕೈಸಾಲ ಕೊಟ್ಟವರಿದ್ದರೆ ಈ ಸಂಜೆ ಲೆಕ್ಕದ ಪುಸ್ತಕವನ್ನು ತೆರೆದು ನೋಡಲಿ: ಅಸಲು ಎಂದೋ ಬಂದು, ಬಡ್ಡಿ ಮಾತ್ರ ಉಳಿದ ಹೆಸರು ಅದರಲ್ಲಿ ಇದೆಯೋ? ಇದ್ದರೆ ಕೋಡಿಯನ್ನು ಬಿಡುವ ಕಾಲ ಬಂದಿದೆ. ಆ ಮನೆಗೆ ಹೋಗಿ ಹೇಳುವಾಗ ಬರಿಗೈಯಲ್ಲಿ ಹೋಗದಿರಲಿ.